ಜೇನುಪೆಟ್ಟಿಗೆ ಬರಿದಾಗುವದೇಕೆ?

ಜೇನು ಎಂದೊಡನೆ ನಮ್ಮ ಹುಬ್ಬಳ್ಳಿ-ಧಾರವಾಡದ ಮನೆಮಂದಿಗೆ ಎರಡು ಸಂಗತಿ ನೆನಪಾಗುತ್ತವೆ. ಒಂದು, ಔಷಧದ ಅನುಪಾನಕ್ಕೆ ಬೇಕಾಗುವ ಜೇನುತುಪ್ಪ. ಮತ್ತೊಂದು, ಗಿಡದ ಟೊಂಗೆಗೆ ಜೋತುಬಿದ್ದ ಹೆಜ್ಜೇನಿನ ಹೆದರಿಕೆ. ಈ ಎರಡರ ನಡುವೆ ಜೇನುನೊಣವೆಂಬ ಜೀವ ಹೇಗೆ ಬಾಳುತ್ತದೆ, ಹೇಗೆ ಸಾಯುತ್ತದೆ ಎಂದು ನಾವು ವಿಚಾರಿಸುವದು ಕಡಿಮೆ. ಹಿತ್ತಲಲ್ಲೋ ಹೊಲದ ಬದುವಿನಲ್ಲೋ ಪೆಟ್ಟಿಗೆಯಿಟ್ಟು ಜೇನು ಸಾಕಿದವರನ್ನು ಕೇಳಿ ನೋಡಿರಿ. “ಹೋದ ವರ್ಷ ಆರು ಪೆಟ್ಟಿಗೆ ಇದ್ದವು, ಈಗ ಎರಡು ಉಳಿದಿವೆ” ಎನ್ನುವರು. ಉಳಿದವು ಏನಾದವೆಂದರೆ, “ಜೇನು ಹಾರಿಹೋಯಿತು” ಎಂಬ ಉತ್ತರ ಬರುತ್ತದೆ. ಹಾರಿಹೋದದ್ದೂ ನಿಜವಿರಬಹುದು. ಆದರೆ ಎಷ್ಟೋ ಸಲ ಜೇನು ಹಾರಿಹೋಗಿರುವದಿಲ್ಲ. ಪೆಟ್ಟಿಗೆಯ ಒಳಗೇ ದಿನದಿನಕ್ಕೆ ಸೊರಗಿ ಸತ್ತಿರುತ್ತದೆ. ಹಾಗೆ ಸಾಯಿಸುವ ಕಾರಣಗಳಲ್ಲಿ ಒಂದಾದ, ಕಣ್ಣಿಗೆ ಬೀಳದಷ್ಟು ಸಣ್ಣದಾದ ನುಸಿಯ ವಿಚಾರವನ್ನು ಈ ದಿನ ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ನುಸಿಯೆಂದರೆ ನಮ್ಮ ಕಡೆಯ ಮನೆಗಳಲ್ಲಿ ಜೋಳದ ಚೀಲಕ್ಕೆ ಹತ್ತುವ ಹುಳ ನೆನಪಾಗುವದು. ಅದು ಬೇರೆ, ಇದು ಬೇರೆ. ಕಾಳಿನ ನುಸಿ ಆರು ಕಾಲಿನ ಕೀಟ. ನಾನು ಹೇಳುತ್ತಿರುವ ನುಸಿಗೆ ಎಂಟು ಕಾಲು. ಅದು ಜೇಡ ಮತ್ತು ದನದ ಮೈಗೆ ಹತ್ತುವ ಉಣ್ಣಿಯ ಬಳಗಕ್ಕೆ ಸೇರಿದ್ದು. ಮೆಣಸಿನಕಾಯಿ ಬೆಳೆಯುವ ನಮ್ಮ ರೈತರಿಗೆ ಇದರ ಒಂದು ಜಾತಿಯ ಪರಿಚಯ ಚೆನ್ನಾಗಿಯೇ ಇದೆ. ಗಿಡದ ಎಲೆಗಳು ಮುದುಡಿಕೊಂಡು ಮುಟುರು ರೋಗ ಬಂದಿತೆಂದು ಅವರು ತಲೆಯ ಮೇಲೆ ಕೈಹೊತ್ತು ಕೂಡ್ರುವದಕ್ಕೆ ಥ್ರಿಪ್ಸ್ ಹುಳದ ಜೊತೆಗೆ ನುಸಿಯೂ ಕಾರಣ. ಎಲೆಯ ರಸ ಹೀರುವ ನುಸಿಯಂತೆಯೇ ಜೇನಿನ ಮೈ ಹೀರುವ ನುಸಿಯೂ ಇದೆ.

ಈಗ ಜೇನುಗಳನ್ನು ಒಮ್ಮೆ ಪರಿಚಯ ಮಾಡಿಕೊಳ್ಳೋಣ. ಚುಚ್ಚದ ಸಣ್ಣ ಮುಜಂಟಿಯನ್ನು ಬಿಟ್ಟರೆ ನಮ್ಮ ನಾಡಿನಲ್ಲಿ ಮೊದಲಿನಿಂದಲೂ ಇದ್ದ ಜೇನು ಮೂರು. ಎತ್ತರದ ಟೊಂಗೆಗೆ, ಕಟ್ಟಡದ ಸೂರಿಗೆ ಒಂದೇ ದೊಡ್ಡ ಎರಿ ಕಟ್ಟುವದು ಹೆಜ್ಜೇನು. ಪೊದೆಯ ಕಡ್ಡಿಗೆ ಅಂಗೈಯಗಲದ ಎರಿ ಕಟ್ಟುವದು ಕೋಲುಜೇನು. ಮರದ ಪೊಟರೆ, ಗೋಡೆಯ ಸಂದು, ಹುತ್ತಗಳ ಕತ್ತಲೆಯಲ್ಲಿ ಸಾಲಾಗಿ ಹಲವು ಎರಿ ಕಟ್ಟುವದು ತುಡುವೆ. ಪೆಟ್ಟಿಗೆಗೆ ಒಗ್ಗುವದು ಈ ಮೂರರಲ್ಲಿ ಇದೊಂದೇ. ನಾಲ್ಕನೆಯದು ಹೊರಗಿನಿಂದ ಬಂದದ್ದು. ಪ್ರೊಫೆಸರ್ ಅತ್ವಾಲ್ ಮತ್ತು ಅವರ ಸಂಗಡಿಗರು 1962ರಿಂದ ಮುಂದೆ ಕಾಂಗಡಾ ಕಣಿವೆಯ ನಗ್ರೋಟಾ ಎಂಬಲ್ಲಿ ಯುರೋಪಿನ ಜೇನನ್ನು ತಂದು ನೆಲೆಗೊಳಿಸಿದರು. ಹೆಚ್ಚು ತುಪ್ಪ ಕೊಡುವ, ಸುಲಭವಾಗಿ ಗೂಡು ಬಿಟ್ಟು ಹೋಗದ ಈ ಜೇನು ಅಲ್ಲಿಂದ ದೇಶದ ಎಲ್ಲ ಕಡೆ ಹಬ್ಬಿತು. ಸೂರ್ಯಕಾಂತಿ ಹೂಬಿಡುವ ಕಾಲಕ್ಕೆ ನಮ್ಮ ಬಯಲು ನಾಡಿನಲ್ಲಿ ಲಾರಿಯಿಂದ ಇಳಿಸಿ ಸಾಲಾಗಿ ಇಡುವ ಪೆಟ್ಟಿಗೆಗಳಲ್ಲಿ ಇರುವದು ಬಹುಮಟ್ಟಿಗೆ ಇದೇ.

ಈ ನಾಲ್ಕು ಜೇನನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನ ಕಥೆ ಸುಲಭ.

1904ರಲ್ಲಿ ಔಡೆಮಾನ್ಸ್ ಎಂಬ ಡಚ್ ಪಂಡಿತರು ಜಾವಾ ದ್ವೀಪದಿಂದ ಬಂದ ಒಂದು ನುಸಿಯನ್ನು ವರ್ಣಿಸಿ ಅದಕ್ಕೆ ‘ವರೋವಾ ಜೇಕಬ್‌ಸೋನಿ’ ಎಂದು ಹೆಸರಿಟ್ಟರು. ಅದನ್ನು ಹಿಡಿದು ಕಳಿಸಿದವರು ಜೇಕಬ್‌ಸನ್. ಬೇಸಾಯ ಮತ್ತು ಜೇನಿನ ಬಗ್ಗೆ ಬರೆದಿದ್ದ ಪುರಾತನ ರೋಮಿನ ವಿದ್ವಾಂಸ ವರೋ ಎಂಬವರ ನೆನಪಿಗೆ ಮೊದಲ ಹೆಸರು. ಆ ನುಸಿ ಇದ್ದದ್ದು ನಮ್ಮ ತುಡುವೆಯ ಜಾತಿಯ ಜೇನಿನ ಗೂಡಿನಲ್ಲಿ. ಅದನ್ನು ಕಂಡು ಯಾರೂ ಗಾಬರಿಯಾಗಲಿಲ್ಲ. ಏಕೆಂದರೆ ನುಸಿಯಿದ್ದರೂ ಆ ಜೇನು ಸುಖವಾಗಿಯೇ ಇತ್ತು. ಐವತ್ತು-ಅರವತ್ತು ವರ್ಷ ಅದು ಗ್ರಂಥಗಳಲ್ಲಿ ಒಂದು ಹೆಸರಾಗಿ ಮಾತ್ರ ಉಳಿಯಿತು.

ತುಡುವೆ ಹೇಗೆ ಸುಖವಾಗಿತ್ತು? ಅದರ ಮನೆವಾರ್ತೆಯನ್ನು ನೋಡಿದರೆ ತಿಳಿಯುವದು. ಮೈಮೇಲೆ ನುಸಿ ಹತ್ತಿದ ನೊಣ ಮೈ ಕುಣಿಸಿ, ಕಾಲಿನಿಂದ ಉಜ್ಜಿ ಅದನ್ನು ಕೆಡವಲು ನೋಡುತ್ತದೆ. ತನ್ನಿಂದಾಗದಿದ್ದರೆ ಸುತ್ತಲಿನ ನೊಣಗಳು ಬಂದು ಹೆಕ್ಕಿ, ದವಡೆಯಿಂದ ಕಚ್ಚಿ ಹೊರಗೆ ಚೆಲ್ಲುತ್ತವೆ. ಕೆಲಸಗಾರ ಮರಿಯ ಕೋಣೆಗೆ ನುಸಿ ಹೊಕ್ಕರೆ ಆ ಮರಿ ಬೇಗನೆ ಸಾಯುತ್ತದೆ. ದಾದಿ ನೊಣಗಳು ವಾಸನೆಯಿಂದ ಅದನ್ನು ತಿಳಿದು ಮುಚ್ಚಳ ಒಡೆದು ಒಳಗಿದ್ದುದನ್ನೆಲ್ಲ ಹೊರಹಾಕುತ್ತವೆ. ಒಂದು ಮರಿ ಹೋಯಿತು, ಮನೆ ಉಳಿಯಿತು. ಹೀಗಾಗಿ ನುಸಿಗೆ ವಂಶ ಬೆಳೆಸಲು ಉಳಿಯುವದು ಗಂಡು ಮರಿಗಳ ಕೋಣೆ ಮಾತ್ರ. ಗಂಡು ಮರಿಗಳು ಇರುವದೋ ವರ್ಷದ ಕೆಲವೇ ಕಾಲ. ಅಲ್ಲಿಯೂ ಎರಡು-ಮೂರು ನುಸಿ ಒಟ್ಟಿಗೆ ಹೊಕ್ಕರೆ ಗಂಡು ಮರಿ ನಿತ್ರಾಣವಾಗಿ ಗಟ್ಟಿ ಮುಚ್ಚಳವನ್ನು ಒಡೆಯಲಾರದೆ ಹೋಗುತ್ತದೆ. ಹೊರಗಿನವರೂ ತೆರೆಯುವದಿಲ್ಲ. ಮರಿಯೊಡನೆ ನುಸಿಗೂ ಅದೇ ಗೋರಿ. ನುಸಿ ಈ ಮನೆಯ ಹಳೆಯ ಒಕ್ಕಲು. ಎಷ್ಟು ತಿನ್ನಬೇಕು, ಎಲ್ಲಿ ನಿಲ್ಲಬೇಕು ಎಂಬದಕ್ಕೆ ಇಲ್ಲಿ ಕಟ್ಟುಪಾಡು ಇದೆ.

ಹೆಜ್ಜೇನಿನ ನುಸಿ ಬೇರೊಂದು. ಟ್ರೋಪಿಲೀಲ್ಯಾಪ್ಸ್ ಎಂಬದು ಅದರ ಶಾಸ್ತ್ರದ ಹೆಸರು. 1961ರಲ್ಲಿ ಫಿಲಿಪೀನ್ಸಿನ ಮಾದರಿಯಿಂದ ಮೊದಲು ವರ್ಣಿಸಲ್ಪಟ್ಟಿತು. ಸುಮಾರು ಒಂದು ಮಿಲಿಮೀಟರ್ ಉದ್ದ, ಕೆಂಪು ಮಿಶ್ರಿತ ಕಂದು ಬಣ್ಣ, ಎರಿಯ ಮೇಲೆ ಸರಸರನೆ ಓಡುತ್ತದೆ. ವರೋವಾಕ್ಕಿಂತ ಬಹಳ ಬೇಗ ಮರಿಮಾಡುತ್ತದೆ. ಆದರೆ ಅದಕ್ಕೊಂದು ದೌರ್ಬಲ್ಯ. ಬೆಳೆದ ನೊಣದ ಮೈಯನ್ನು ಕೊರೆದು ತಿನ್ನಲು ಅದರ ಬಾಯಿಗೆ ಶಕ್ತಿಯಿಲ್ಲ. ಮೆತ್ತಗಿನ ಮರಿಯೇ ಬೇಕು. ಮರಿ ಸಿಗದಿದ್ದರೆ ಎರಡು-ಮೂರು ದಿನಗಳಲ್ಲಿ ಸಾಯುತ್ತದೆ. ಹೆಜ್ಜೇನು ಹೂವಿರುವ ತನಕ ಇದ್ದು, ಹೂವು ತೀರಿದಾಗ ಎರಿಯನ್ನು ಬರಿದು ಮಾಡಿ ಗುಳೆ ಹೋಗುವದನ್ನು ನೀವೆಲ್ಲ ಕಂಡಿದ್ದೀರಿ. ಮುಂದಿನ ವರ್ಷ ಅದೇ ಟೊಂಗೆಗೆ, ಅದೇ ಸೂರಿಗೆ ಮತ್ತೆ ಹೆಜ್ಜೇನು ಬರುವದುಂಟು. ಈ ಗುಳೆಯ ಕಾಲದಲ್ಲಿ ಗೂಡಿನಲ್ಲಿ ಮರಿಯಿಲ್ಲ. ಮರಿಯಿಲ್ಲವೆಂದ ಮೇಲೆ ನುಸಿಗಳಲ್ಲಿ ಬಹುಪಾಲು ಹಸಿದು ಸಾಯುತ್ತವೆ. ಪ್ರವಾಸವೇ ಹೆಜ್ಜೇನಿಗೆ ಔಷಧ. ಇನ್ನು ಕೋಲುಜೇನಿಗೂ ಅದರದೇ ಆದ ನುಸಿಯುಂಟು. ಭಾರತದಲ್ಲಿ ಸಿಕ್ಕ ಅದಕ್ಕೆ 1974ರಲ್ಲಿ ಹೆಸರಿಡಲಾಯಿತು.

ಹೀಗೆ ಮೂರು ಜೇನಿಗೂ ತಮ್ಮ ತಮ್ಮ ನುಸಿ, ತಮ್ಮ ತಮ್ಮ ಉಪಾಯ. ಇವರ ನಡುವೆ ಯುರೋಪಿನ ಜೇನು ಬಂದು ನಿಂತಿತು. ಅದಕ್ಕೆ ಈ ನುಸಿಗಳ ಪರಿಚಯವೇ ಇರಲಿಲ್ಲ. ಹೆಕ್ಕಿ ಕೆಡವುವ ರೂಢಿ ಅದಕ್ಕೆ ಕಡಿಮೆ. ಗುಳೆ ಹೋಗುವ ಪದ್ಧತಿಯೂ ಇಲ್ಲ. ಅದರ ಕೆಲಸಗಾರ ಮರಿಗಳ ಕೋಣೆಯಲ್ಲಿ ಕೂಡ ವರೋವಾ ಸರಾಗವಾಗಿ ಬೆಳೆಯಬಲ್ಲದು. ಎರಡೂ ಜೇನುಗಳನ್ನು ಒಂದೇ ನೆಲದಲ್ಲಿ ಇಟ್ಟ ಕಡೆಯಲ್ಲಿ ನುಸಿ ಹಳೆಯ ಮನೆಯಿಂದ ಹೊಸ ಮನೆಗೆ ದಾಟಿತು. ಹಾಗೆ ದಾಟಿ ಕೊಲ್ಲುತ್ತಿರುವದು ಜಾವಾದ ನುಸಿಯಲ್ಲ, ಅದರ ಹತ್ತಿರದ ಬೇರೆ ಜಾತಿಯೆಂದು 2000ರಲ್ಲಿ ಆಸ್ಟ್ರೇಲಿಯದ ಆಂಡರ್ಸನ್ ಮತ್ತು ಟ್ರೂಮನ್ ತೋರಿಸಿಕೊಟ್ಟು ಅದಕ್ಕೆ ‘ಡಿಸ್ಟ್ರಕ್ಟರ್’, ಅಂದರೆ ಹಾಳುಗೆಡಹುವದು, ಎಂದು ಹೆಸರಿಟ್ಟರು.

ಅದು ಹೇಗೆ ಹಾಳುಮಾಡುತ್ತದೆ? ವರೋವಾದ ಹೆಣ್ಣು ಉದ್ದಕ್ಕಿಂತ ಅಗಲ ಹೆಚ್ಚಿರುವ, ಒತ್ತಿದ ಸಾಸಿವೆಯಂಥ ಕೆಂಗಂದು ಹುಳ. ಅಗಲ ಒಂದೂವರೆ ಮಿಲಿಮೀಟರಿನಷ್ಟು. ಸಣ್ಣದೆನ್ನಬೇಡಿರಿ. ಜೇನಿನ ಮೈಯ ಅಳತೆಗೆ ಹೋಲಿಸಿದರೆ, ನಮ್ಮ ಬೆನ್ನಿಗೆ ಜೋಳದ ರೊಟ್ಟಿಯಷ್ಟು ಅಗಲದ ಉಣ್ಣಿ ಹತ್ತಿದ ಹಾಗೆ. ಮೊಟ್ಟೆಯಿಂದ ಕೆಲಸಗಾರ ನೊಣ ಹೊರಬರಲು 21 ದಿನ ಬೇಕು. ಸುಮಾರು ಒಂಬತ್ತನೆಯ ದಿನ ಕೋಣೆಗೆ ಮೇಣದ ಮುಚ್ಚಳ ಬೀಳುತ್ತದೆ. ಅದಕ್ಕೆ ತುಸು ಮೊದಲು ನುಸಿ ಒಳಗೆ ನುಸುಳಿ, ಮರಿಯ ಅಡಿಯಲ್ಲಿರುವ ಆಹಾರದಲ್ಲಿ ಅಡಗಿಕೊಳ್ಳುತ್ತದೆ. ಮುಚ್ಚಳ ಬಿದ್ದ ಮೇಲೆ ಮರಿಯ ಮೈಗೆ ಒಂದು ತೂತು ಮಾಡಿ ಹೀರತೊಡಗುತ್ತದೆ. ಸುಮಾರು ಮೂರು ದಿನದ ಹೊತ್ತಿಗೆ ಮೊದಲ ಮೊಟ್ಟೆ, ಅದು ಗಂಡು. ಆಮೇಲೆ ಸುಮಾರು 30 ಗಂಟೆಗೊಂದರಂತೆ ಹೆಣ್ಣು. ಅದೇ ಕತ್ತಲ ಕೋಣೆಯಲ್ಲಿ ಅಣ್ಣತಂಗಿಯರ ನಡುವೆಯೇ ಕೂಟ ನಡೆಯುತ್ತದೆ. ನೊಣ ಹೊರಬರುವಾಗ ತಾಯಿ ನುಸಿಯೊಡನೆ ಬಲಿತ ಹೆಣ್ಣುಗಳೂ ಅದರ ಮೈಗಂಟಿ ಬರುತ್ತವೆ.

ನುಸಿ ಜೇನಿನ ರಕ್ತವನ್ನಷ್ಟೇ ಹೀರುತ್ತದೆಂದು ಬಹುಕಾಲ ನಂಬಲಾಗಿತ್ತು. ಅಮೇರಿಕೆಯ ಸ್ಯಾಮ್ಯುಯೆಲ್ ರ‍್ಯಾಮ್ಸಿ ಮತ್ತು ಸಂಗಡಿಗರು 2019ರಲ್ಲಿ, ಬೆಳೆದ ನೊಣದಲ್ಲಿ ಅದು ತಿನ್ನುವದು ಹೊಟ್ಟೆಯಲ್ಲಿರುವ ಕೊಬ್ಬಿನ ಅಂಗವನ್ನು ಎಂದು ತೋರಿಸಿದರು. ಈ ಅಂಗ ಜೇನಿಗೆ ನಮ್ಮ ಯಕೃತ್ತಿನಂತೆ. ಆಹಾರ ಕೂಡಿಡುವದು, ವಿಷ ಕಳೆಯುವದು, ರೋಗ ತಡೆಯುವದು ಎಲ್ಲ ಅದರ ಕೆಲಸ. ಇದಕ್ಕಿಂತ ಕೆಟ್ಟ ಸಂಗತಿ ಇನ್ನೊಂದಿದೆ. ನುಸಿಯ ಬಾಯಿಯಿಂದ ವೈರಸ್ಸು ನೇರವಾಗಿ ಮರಿಯ ಮೈಯೊಳಗೆ ಹೋಗುತ್ತದೆ. ರೆಕ್ಕೆ ಮುದುಡಿಸುವ ವೈರಸ್ಸು ಅವುಗಳಲ್ಲಿ ಮುಖ್ಯವಾದದ್ದು. ಹವಾಯಿ ದ್ವೀಪಗಳಿಗೆ ವರೋವಾ ಹೊಕ್ಕದ್ದು 2007ರ ಸುಮಾರಿಗೆ. ನುಸಿ ಬಾರದ ದ್ವೀಪಗಳಲ್ಲಿ ನೂರು ಜೇನುಕುಟುಂಬಗಳಲ್ಲಿ ಹತ್ತರಷ್ಟರಲ್ಲಿ ಮಾತ್ರ ಇದ್ದ ಈ ವೈರಸ್ಸು, ನುಸಿ ನೆಲೆಯೂರಿದಲ್ಲಿ ಹೆಚ್ಚು ಕಡಿಮೆ ಎಲ್ಲವುಗಳಲ್ಲಿಯೂ ಕಂಡಿತು. ಸೊಳ್ಳೆಗೂ ಮಲೇರಿಯಕ್ಕೂ ಇರುವಂಥ ಸಂಬಂಧವನ್ನು ಇಲ್ಲಿ ನೆನೆಯಬಹುದು.

ಇನ್ನು ಲೆಕ್ಕ ನೋಡಿರಿ. ಗೂಡಿನಲ್ಲಿ ಮರಿಗಳು ಇರುವ ತನಕ ನುಸಿಯ ಸಂಖ್ಯೆ ಸುಮಾರು ತಿಂಗಳಿಗೊಮ್ಮೆ ಇಮ್ಮಡಿಯಾಗುವದುಂಟು. ಇಂದು ಹತ್ತು ಇದ್ದರೆ ಏಳು ತಿಂಗಳಿಗೆ 1,280. ಹೂವಿನ ಸುಗ್ಗಿಯಲ್ಲಿ ಪೆಟ್ಟಿಗೆಯಲ್ಲಿ ಮೂವತ್ತು-ನಲವತ್ತು ಸಾವಿರ ನೊಣ ತುಂಬಿರುವಾಗ ಇದು ಯಾರ ಕಣ್ಣಿಗೂ ಬೀಳುವದಿಲ್ಲ. ತುಪ್ಪವೂ ಚೆನ್ನಾಗಿಯೇ ಬರುತ್ತದೆ. ಕುಸುಬಿ, ಸೂರ್ಯಕಾಂತಿಗಳ ಹೂವು ತೀರಿದೊಡನೆ ರಾಣಿ ಮೊಟ್ಟೆ ಕಡಿಮೆ ಮಾಡುತ್ತಾಳೆ, ನೊಣಗಳ ಸಂಖ್ಯೆ ಇಳಿಯುತ್ತದೆ. ನುಸಿಯ ಸಂಖ್ಯೆ ಅದರಂತೆ ಇಳಿಯುವದಿಲ್ಲ. ಉಳಿದ ಸ್ವಲ್ಪ ಮರಿಗಳ ಮೇಲೆ ಎಲ್ಲ ನುಸಿಯೂ ಮುಗಿಬೀಳುತ್ತದೆ. ಆಗ ಹುಟ್ಟುವ ನೊಣಗಳೇ ಅಲ್ಪಾಯುಷಿಗಳು. ಮುದಿ ನೊಣ ಹೊಲಕ್ಕೆ ಹೋಗಿ ಬರುವದರೊಳಗೆ ಅದರ ಜಾಗ ತುಂಬುವವರಿಲ್ಲ. ಕೆಲವು ವಾರಗಳಲ್ಲಿ ಪೆಟ್ಟಿಗೆ ಬರಿದು. ಸಾಕಿದವನು “ಹೂವಿಲ್ಲದೆ ಜೇನು ಹೋಯಿತು” ಎನ್ನುತ್ತಾನೆ. ಎರಿಯಲ್ಲಿ ಮೇಣದ ಹುಳ ಬಲೆ ಕಟ್ಟಿರುವದನ್ನು ಕಂಡು ಅದನ್ನೇ ಕೊಲೆಗಾರನೆಂದು ತಿಳಿಯುವವರೂ ಇದ್ದಾರೆ. ಮೇಣದ ಹುಳ ಹೆಣದ ಮೇಲೆ ಇಳಿಯುವ ಹದ್ದಿನಂಥದು. ಬಲವಾದ ಗೂಡಿನಲ್ಲಿ ಅದರ ಆಟ ನಡೆಯದು.

ಸತ್ತ ಪೆಟ್ಟಿಗೆಯಿಂದ ಅನಾಹುತ ಅಲ್ಲಿಗೇ ನಿಲ್ಲುವದಿಲ್ಲ. ಕಾವಲಿಲ್ಲದ ಗೂಡಿನ ತುಪ್ಪಕ್ಕೆ ಸುತ್ತಲಿನ ಜೇನುಗಳು ಲೂಟಿಗೆ ಬರುತ್ತವೆ. ಹೋಗುವಾಗ ತುಪ್ಪದೊಡನೆ ನುಸಿಯನ್ನೂ ಒಯ್ಯುತ್ತವೆ. ಪೆಟ್ಟಿಗೆಗಳನ್ನು ಹೇರಿದ ಲಾರಿ ಒಂದು ಜಿಲ್ಲೆಯ ನುಸಿಯನ್ನು ಮತ್ತೊಂದು ಜಿಲ್ಲೆಗೆ ಇಳಿಸುತ್ತದೆ. ಜಗತ್ತಿನಲ್ಲಿ ನಡೆದದ್ದೂ ಇದೇ. ವರೋವಾ 1977ರಲ್ಲಿ ಜರ್ಮನಿಯಲ್ಲಿ, 1987ರಲ್ಲಿ ಅಮೇರಿಕೆಯಲ್ಲಿ, 2000ದಲ್ಲಿ ನ್ಯೂಜಿಲೆಂಡಿನಲ್ಲಿ ಕಾಣಿಸಿತು. ನಮ್ಮ ದೇಶದಲ್ಲಿ 2004ರ ಸುಮಾರಿಗೆ ಪಂಜಾಬು, ಹರಿಯಾಣಗಳ ಯುರೋಪಿನ ಜೇನಿಗೆ ದೊಡ್ಡ ಪೆಟ್ಟು ಕೊಟ್ಟಿತು. ಕಟ್ಟೆಚ್ಚರದಿಂದಿದ್ದ ಆಸ್ಟ್ರೇಲಿಯದ ಬಂದರಿನಲ್ಲಿ 2022ರ ಜೂನಿನಲ್ಲಿ ಸಿಕ್ಕಿತು. ಸಾವಿರಾರು ಪೆಟ್ಟಿಗೆಗಳನ್ನು ನಾಶಮಾಡಿಯೂ ತಡೆಯಲಾಗದೆ 2023ರ ಸೆಪ್ಟೆಂಬರಿನಲ್ಲಿ ಆ ಸರಕಾರ ನಿರ್ಮೂಲನದ ಯತ್ನವನ್ನೇ ಕೈಬಿಟ್ಟಿತು.

ಇಷ್ಟು ಕೇಳಿ, ಸತ್ತ ಜೇನಿಗೆಲ್ಲ ನುಸಿಯೇ ಕಾರಣವೆಂದು ತೀರ್ಮಾನಿಸಬಾರದು. ಇಂಗ್ಲಂಡಿನ ಐಲ್ ಆಫ್ ವೈಟ್ ಎಂಬ ದ್ವೀಪದಲ್ಲಿ 1906ರ ಸುಮಾರಿಗೆ ಜೇನು ತೆವಳಿ ತೆವಳಿ ಸಾಯತೊಡಗಿ ಇಡೀ ಬ್ರಿಟನ್ನಿಗೆ ಹಬ್ಬಿತು. 1921ರಲ್ಲಿ ರೆನಿ ಮೊದಲಾದವರು ಜೇನಿನ ಉಸಿರುನಾಳದಲ್ಲಿ ಒಂದು ಸೂಕ್ಷ್ಮ ನುಸಿಯನ್ನು ಕಂಡಾಗ ಕೊಲೆಗಾರ ಸಿಕ್ಕನೆಂದು ಎಲ್ಲರೂ ನಂಬಿದರು. ಮುಂದೆ ಬೇಲಿ ಎಂಬ ವಿಜ್ಞಾನಿ ಪರೀಕ್ಷಿಸಿ, ಆ ಸಾವುಗಳಿಗೆ ನುಸಿಯೊಂದೇ ಕಾರಣವಲ್ಲ, ವೈರಸ್ಸಿನ ಕೈವಾಡವೂ ಇದ್ದಿರಬೇಕು ಎಂದರು. ನಮ್ಮಲ್ಲಿಯೂ ಅಂಥ ಪಾಠವಿದೆ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತಕ್ಕೆ ಬಂದು ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡಗಳ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಒರೆಸಿಹಾಕಿತು. ನುಸಿಯನ್ನು ಗೆದ್ದ ತುಡುವೆ ಆ ರೋಗಕ್ಕೆ ಸೋತಿತು. ಯುರೋಪಿನ ಜೇನಿನ ಕಡೆ ನಮ್ಮವರ ಒಲವು ಹೆಚ್ಚಿದ್ದಕ್ಕೆ ಅದೂ ಒಂದು ಕಾರಣ.

ಆದುದರಿಂದ ಮೊದಲು ಗುರುತು ಹಿಡಿಯುವದನ್ನು ಕಲಿಯಬೇಕು. ಒಂದೇ ದಿನ ಪೆಟ್ಟಿಗೆಯ ಬಾಗಿಲಲ್ಲಿ ಸತ್ತ ನೊಣಗಳ ರಾಶಿ ಬಿದ್ದರೆ, ಹತ್ತಿರದ ಹತ್ತಿಗೋ ಮೆಣಸಿನಕಾಯಿಗೋ ಹೊಡೆದ ವಿಷದ ಸಂಶಯ ಪಡಿರಿ. ತುಪ್ಪ ಒಂದು ತೊಟ್ಟೂ ಇಲ್ಲದೆ ನೊಣಗಳು ಕೋಣೆಯೊಳಗೆ ತಲೆಯಿಟ್ಟು ಸತ್ತಿದ್ದರೆ ಅದು ಹಸಿವೆ. ಮರಿ ನೀರು ತುಂಬಿದ ಚೀಲದಂತಾಗಿದ್ದರೆ ಸ್ಯಾಕ್‌ಬ್ರೂಡ್. ಮುದುಡಿದ ರೆಕ್ಕೆಯ, ಗಿಡ್ಡ ಹೊಟ್ಟೆಯ ಎಳೆಯ ನೊಣಗಳು ಬಾಗಿಲ ಮುಂದೆ ನೆಲದ ಮೇಲೆ ತೆವಳುತ್ತಿದ್ದರೆ, ಮುಚ್ಚಿದ ಮರಿಗಳ ಮಧ್ಯೆ ಅಲ್ಲಲ್ಲಿ ತೂತುಬಿದ್ದ ಮುಚ್ಚಳಗಳು ಕಂಡರೆ, ಆಗ ನುಸಿಯನ್ನು ಹುಡುಕಿರಿ.

ಹುಡುಕುವ ಕ್ರಮ ಅಡಿಗೆಮನೆಯ ಸಾಮಾನಿನಿಂದಲೇ ಆಗುವಂಥದು. ರಾಣಿ ಇಲ್ಲದ ಎರಿಯಿಂದ ಅರ್ಧ ಬಟ್ಟಲಿನಷ್ಟು, ಎಂದರೆ ಸುಮಾರು ಮುನ್ನೂರು ನೊಣಗಳನ್ನು ಬಾಟಲಿಗೆ ಕೊಡವಿ, ಬಾಯಿಗೆ ಜಾಳಿಗೆ ಕಟ್ಟಿರಿ. ಎರಡು ಚಮಚ ಸಕ್ಕರೆಯ ನುಣ್ಣನೆಯ ಪುಡಿ ಹಾಕಿ ಮೆಲ್ಲಗೆ ಹೊರಳಿಸಿ, ಒಂದೆರಡು ನಿಮಿಷ ಬಿಟ್ಟು, ಬಿಳಿಯ ತಟ್ಟೆಯ ಮೇಲೆ ಜಾಡಿಸಿರಿ. ಪುಡಿಯೊಡನೆ ವರೋವಾ ಉದುರುತ್ತದೆ. ನೊಣಗಳನ್ನು ಮರಳಿ ಗೂಡಿಗೆ ಬಿಡಬಹುದು. ನೂರು ನೊಣಕ್ಕೆ ಮೂರು ನುಸಿ ಕಂಡರೆ ಉಪಾಯ ಮಾಡಬೇಕೆಂಬದು ಹೊರದೇಶಗಳಲ್ಲಿ ರೂಢಿಯಲ್ಲಿರುವ ಲೆಕ್ಕ. ಹೆಜ್ಜೇನಿನ ನುಸಿ ಮಾತ್ರ ಹೀಗೆ ಸಿಗುವದು ಕಡಿಮೆ. ಅದಕ್ಕೆ ಮರಿಯ ಮುಚ್ಚಳವನ್ನೇ ತೆರೆದು ನೋಡಬೇಕು.

ಉಪಾಯಗಳಲ್ಲಿ ಮೊದಲನೆಯದನ್ನು ನಮ್ಮ ಜೇನುಗಳೇ ಕಲಿಸಿವೆ. ತುಡುವೆ ನುಸಿಯನ್ನು ಗಂಡು ಮರಿಯ ಕೋಣೆಯಲ್ಲಿ ಹೂಳಿಬಿಡುತ್ತದೆ. ಅದರಂತೆ ನೀವು ಗಂಡು ಮರಿಗಳ ಎರಿಯನ್ನು ಮುಚ್ಚಳ ಬಿದ್ದ ಮೇಲೆ ಕತ್ತರಿಸಿ ತೆಗೆಯಿರಿ. ಹೆಜ್ಜೇನು ಗುಳೆಹೋಗಿ ಮರಿಯ ಬಿಡುವು ಕೊಡುತ್ತದೆ. ಅದರಂತೆ ನೀವು ರಾಣಿಯನ್ನು ಸಣ್ಣ ಪಂಜರದಲ್ಲಿ ಮೂರು ವಾರಕ್ಕೂ ಸ್ವಲ್ಪ ಹೆಚ್ಚು ಕಾಲ ಇಟ್ಟು ಮೊಟ್ಟೆ ನಿಲ್ಲಿಸಿರಿ. ಹೆಜ್ಜೇನಿನ ನುಸಿ ಇದರಿಂದಲೇ ಅಳಿಯುವದು. ವರೋವಾ ಅಳಿಯದಿದ್ದರೂ ಅಡಗಲು ಕೋಣೆಯಿಲ್ಲದೆ ಬಯಲಿಗೆ ಬೀಳುವದು. ಚಳಿಯ ದೇಶಗಳಲ್ಲಿ ಈ ಬಿಡುವನ್ನು ಮಾಗಿಯೇ ಕೊಡುತ್ತದೆ. ವರ್ಷವಿಡೀ ಮರಿಯಿರುವ ನಮ್ಮ ಹವೆಯಲ್ಲಿ ಸಾಕಿದವನೇ ಕೊಡಬೇಕು. ಆಮೇಲೆ ಫಾರ್ಮಿಕ್ ಆಮ್ಲದ ಹಬೆ, ಆಕ್ಸಾಲಿಕ್ ಆಮ್ಲ, ಓಮಿನಲ್ಲಿರುವ ಥೈಮಾಲ್ ಮುಂತಾದವು ಇವೆ. ಚಿಗಳಿ ಇರುವೆ ಕಚ್ಚಿದಾಗ ಉರಿಸುವ ಆಮ್ಲವೇ ಈ ಫಾರ್ಮಿಕ್. ಪ್ರಮಾಣ ತಪ್ಪಿದರೆ ರಾಣಿಯೇ ಸಾಯಬಹುದು, ಕೈ ಸುಟ್ಟೀತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರದವರನ್ನೋ ತೋಟಗಾರಿಕೆ ಇಲಾಖೆಯವರನ್ನೋ ಕೇಳಿಯೇ ಮಾಡಿರಿ. ಅಂಗಡಿಯಲ್ಲಿ ಸಿಕ್ಕ ಯಾವದೋ ನುಸಿನಾಶಕವನ್ನು ಗೂಡಿಗೆ ಸುರಿಯಬೇಡಿರಿ. ಅಮೇರಿಕೆಯಲ್ಲಿ ಒಂದೇ ಔಷಧವನ್ನು ವರ್ಷಗಟ್ಟಲೆ ನಂಬಿದರು. 2024-25ರಲ್ಲಿ ಅಲ್ಲಿಯ ದೊಡ್ಡ ಸಾಕಣೆಗಾರರು ಸರಾಸರಿ ನೂರಕ್ಕೆ ಅರವತ್ತರಷ್ಟು ಕುಟುಂಬಗಳನ್ನು ಕಳೆದುಕೊಂಡಾಗ ಪರೀಕ್ಷಿಸಿದರೆ, ವೈರಸ್ಸುಗಳ ಜೊತೆಗೆ, ಆ ಔಷಧಕ್ಕೆ ಜಗ್ಗದ ನುಸಿಗಳು ಸಿಕ್ಕವು.

ಪೆಟ್ಟಿಗೆಯಿಲ್ಲದ ಪಟ್ಟಣಿಗರಿಗೆ ಇದರಿಂದ ಏನೆಂದು ನೀವು ಕೇಳಬಹುದು. ಸೂರ್ಯಕಾಂತಿಯ ಕಾಳು, ಗುರೆಳ್ಳು, ಉಳ್ಳಾಗಡ್ಡಿಯ ಬೀಜ, ಸವತಿ, ಹೀರೆ ಇವೆಲ್ಲ ತುಂಬಿ ಬರುವದರಲ್ಲಿ ಜೇನಿನ ಓಡಾಟದ ಪಾಲು ದೊಡ್ಡದು. ಬೆಲೆ ಏರಿದಾಗ ನಿಮಗೂ ಅದರ ಬಿಸಿ ತಟ್ಟುತ್ತದೆ. ನುಸಿಯೊಡನೆ ಬಾಳುವ ವಿದ್ಯೆ ಕಲಿತ ಹೆಜ್ಜೇನು ನಿಮ್ಮ ಕಟ್ಟಡದ ಸೂರಿಗೆ ಬಂದರೆ ದೊಂದಿ ಹಚ್ಚಿಸುವ ಅವಸರ ಬೇಡ. ಜನರ ಓಡಾಟಕ್ಕೆ ಅಡ್ಡಿಯಿಲ್ಲದಿದ್ದರೆ ಹೂವು ತೀರಿದೊಡನೆ ಅದು ತಾನಾಗಿ ಹೋಗುವದು. ಹಿತ್ತಲ ಗೋಡೆಯಲ್ಲಿ ತುಡುವೆ ಕೂತಿದ್ದರೆ ಇರಗೊಡಿರಿ.

ಪೆಟ್ಟಿಗೆ ಇಡಬೇಕೆನ್ನುವವರಿಗೆ ಒಂದೇ ಮಾತು. ಹೊಸ ಕುಟುಂಬ ಕೊಳ್ಳುವಾಗ ಎರಿಯಲ್ಲಿ ತುಪ್ಪ ಎಷ್ಟಿದೆಯೆಂದು ನೋಡುವ ಮೊದಲು ಮರಿ ಹೇಗಿದೆಯೆಂದು ನೋಡಿರಿ. ತಿಂಗಳಿಗೊಮ್ಮೆ, ವಿಶೇಷವಾಗಿ ಹೂವು ತೀರುವ ಮೊದಲು, ನುಸಿಯನ್ನು ಎಣಿಸಿರಿ. ಪೆಟ್ಟಿಗೆ ಬರಿದಾದ ಮೇಲೆ ಕಾರಣ ಹುಡುಕುವದಕ್ಕಿಂತ, ತುಂಬಿರುವಾಗ ಎರಡು ಚಮಚ ಸಕ್ಕರೆ ಪುಡಿ ಖರ್ಚುಮಾಡುವದು ಅಗ್ಗ.